ಐಸಿಯು ಚಾರ್ಟ್‌ನಿಂದ ಕಂಪ್ಯೂಟರ್‌ಗೆ: ನನ್ನ ಪಿಎಚ್‌ಡಿಯ ಅರ್ಧ ದಾರಿ

ಆಸ್ಪತ್ರೆ ಡೇಟಾದ ಮೇಲೆ ಪಿಎಚ್‌ಡಿ ಮಾಡಬೇಕು ಅಂದರೆ ಬೆಂಗಳೂರಿನಲ್ಲಿ ಕೂತವರೂ ಮೊದಲು ಅರ್ಜಿ ಹಾಕುವುದು ಅಮೆರಿಕದ ಡೇಟಾಗೆ. ಐಸಿಯು ದಾಖಲೆಗಳ ಮೇಲೆ ಕೆಲಸ ಮಾಡುವ ಬಹಳಷ್ಟು ವಿದ್ಯಾರ್ಥಿಗಳು ಶುರು ಮಾಡುವುದು ಮಿಮಿಕ್ ಅನ್ನುವ ಡೇಟಾಬೇಸ್‌ನಿಂದ. ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ದಾಖಲೆಗಳಿಂದ ಹೆಸರು, ವಿಳಾಸ ಎಲ್ಲ ತೆಗೆದು, ಎಂಐಟಿಯ ಒಂದು ಲ್ಯಾಬ್ ಅದನ್ನು ಫಿಸಿಯೋನೆಟ್ ಅನ್ನುವ ವೆಬ್‌ಸೈಟ್ ಮೂಲಕ ಸಂಶೋಧಕರಿಗೆ ಕೊಡುತ್ತದೆ. ದುಡ್ಡು ಕೇಳುವುದಿಲ್ಲ. ಹಾಗಂತ ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಲೂ ಬಿಡುವುದಿಲ್ಲ.

ಮೊದಲು ಸಿಐಟಿಐ ಅನ್ನುವ ಆನ್‌ಲೈನ್ ಕೋರ್ಸ್ ಮುಗಿಸಬೇಕು. ಮನುಷ್ಯರ ಮೇಲೆ, ಅಥವಾ ಅವರ ದಾಖಲೆಗಳ ಮೇಲೆ ಸಂಶೋಧನೆ ಮಾಡುವಾಗ ಏನು ಮಾಡಬಹುದು, ಏನು ಮಾಡಬಾರದು ಅನ್ನುವ ಪಾಠ. ನಾನು ಕಂಪ್ಯೂಟರ್ ಸೈನ್ಸ್‌ನವಳು. ಬಿಇಯಲ್ಲಾಗಲಿ ಎಂಟೆಕ್‌ನಲ್ಲಾಗಲಿ ಈ ವಿಷಯವನ್ನು ಯಾರೂ ಎತ್ತಿರಲಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ, ಪೆನಿಸಿಲಿನ್ ಬಂದ ಮೇಲೂ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಆ ಕಥೆಯನ್ನು ನಾನು ಸರಿಯಾಗಿ ಓದಿದ್ದು ಈ ಕೋರ್ಸ್ ನೆಪದಲ್ಲೇ. ಕೋರ್ಸ್ ಮುಗಿದ ಮೇಲೆ ಅಪ್‌ಲೋಡ್ ಮಾಡಬೇಕಾದ್ದು ಚಂದದ ಸರ್ಟಿಫಿಕೇಟ್ ಅಲ್ಲ, ಯಾವ ಪಾಠದಲ್ಲಿ ಎಷ್ಟು ಅಂಕ ಬಂತು ಅಂತ ತೋರಿಸುವ ರಿಪೋರ್ಟ್. ಹೊಸಬರು ಮುಗ್ಗರಿಸುವುದು ಇಲ್ಲೇ. ಆಮೇಲೆ ಗೈಡ್ ಹೆಸರು ಕೊಡಬೇಕು, ಅವರಿಗೆ ಮೇಲ್ ಹೋಗುತ್ತದೆ, ಅವರು ಹೂಂ ಅನ್ನಬೇಕು. ಕೊನೆಗೆ ಒಪ್ಪಂದಕ್ಕೆ ಸಹಿ: ಯಾರನ್ನೂ ಗುರುತು ಹಿಡಿಯಲು ಹೋಗುವುದಿಲ್ಲ, ಡೇಟಾವನ್ನು ಪಕ್ಕದ ಟೇಬಲ್‌ನವರಿಗೂ ಕೊಡುವುದಿಲ್ಲ. ಈ ಡೇಟಾವನ್ನು ಚಾಟ್‌ಜಿಪಿಟಿಯಂಥ ಹೊರಗಿನ ಸೇವೆಗಳಿಗೆ ಕಳಿಸುವುದೂ ಒಪ್ಪಂದದ ಉಲ್ಲಂಘನೆಯೇ ಅಂತ 2023ರಲ್ಲಿ ಫಿಸಿಯೋನೆಟ್‌ನವರು ಬಿಡಿಸಿ ಹೇಳಿದರು. ಇಷ್ಟೆಲ್ಲ ಬೇಡ, ಒಮ್ಮೆ ನೋಡಿದರೆ ಸಾಕು ಅನ್ನುವವರಿಗೆ 100 ರೋಗಿಗಳ ಡೆಮೊ ಡೇಟಾ ಯಾವ ಅನುಮತಿಯೂ ಇಲ್ಲದೆ ಸಿಗುತ್ತದೆ.

ನಾನು ತೆಗೆದುಕೊಂಡದ್ದು 2016ರಲ್ಲಿ ಬಂದ ಮೂರನೇ ಆವೃತ್ತಿ. 2001ರಿಂದ 2012ರವರೆಗಿನ 40,000ಕ್ಕೂ ಹೆಚ್ಚು ರೋಗಿಗಳು. ಬಿಪಿ, ನಾಡಿ, ಉಸಿರಾಟ ಎಲ್ಲ ತುಂಬಿರುವ ಮುಖ್ಯ ಟೇಬಲ್ ಒಂದರಲ್ಲೇ 33 ಕೋಟಿ ಸಾಲು. ನನ್ನ ಲ್ಯಾಪ್‌ಟಾಪ್ ಅದನ್ನು ನೋಡಿ ಕೈ ಚೆಲ್ಲಿತು, ಲ್ಯಾಬಿನ ಸರ್ವರ್ ಹಿಡಿಯಬೇಕಾಯಿತು. ತೆರೆದ ತಕ್ಷಣ ಕಣ್ಣಿಗೆ ಬಿದ್ದದ್ದು ಇಸವಿಗಳು. ರೋಗಿಗಳೆಲ್ಲ 2100ರ ನಂತರ ಅಡ್ಮಿಟ್ ಆಗಿದ್ದಾರೆ! ಗುರುತು ಮರೆಸಲು ಒಬ್ಬೊಬ್ಬರ ತಾರೀಖನ್ನೂ ಬೇರೆ ಬೇರೆಯಾಗಿ ಮುಂದಕ್ಕೆ ತಳ್ಳಿರುತ್ತಾರೆ. ಒಬ್ಬರ ಒಳಗಿನ ಲೆಕ್ಕ ಮಾತ್ರ ಕೆಡುವುದಿಲ್ಲ, ಸೋಮವಾರ ಬಂದವರು ಸೋಮವಾರವೇ ಬಂದಿರುತ್ತಾರೆ. 89 ದಾಟಿದ ಹಿರಿಯರು ಕಡಿಮೆ ಇರುವುದರಿಂದ ಸುಲಭವಾಗಿ ಪತ್ತೆಯಾಗುತ್ತಾರೆ. ಹಾಗಾಗಿ ಅವರ ವಯಸ್ಸು 300 ಅಂತ ಬರುತ್ತದೆ. ಇದು ಗೊತ್ತಿಲ್ಲದೆ ಸರಾಸರಿ ವಯಸ್ಸು ತೆಗೆದವರ ಗತಿ ಊಹಿಸಿಕೊಳ್ಳಿ.

ನನ್ನ ವಿಷಯ ಹೇಳಲು ಸುಲಭ. ಐಸಿಯುಗೆ ಬಂದ ಮೊದಲ 24 ಗಂಟೆಯ ದಾಖಲೆ ನೋಡಿ, ಯಾರ ಜೀವಕ್ಕೆ ಜಾಸ್ತಿ ಅಪಾಯ ಇದೆ ಅಂತ ಕಂಪ್ಯೂಟರ್ ಅಂದಾಜು ಮಾಡಬೇಕು. ಮಾಡೆಲ್ ಕಟ್ಟುವುದಕ್ಕೆ ಹಿಡಿದ ಸಮಯ ಏನೇನೂ ಅಲ್ಲ. ಡೇಟಾ ಏನು ಹೇಳುತ್ತಿದೆ ಅಂತ ತಿಳಿಯುವುದಕ್ಕೇ ಉಳಿದದ್ದೆಲ್ಲ ಹೋಯಿತು. ಬೋಸ್ಟನ್ನಿನ ಆ ಆಸ್ಪತ್ರೆ ಮಧ್ಯದಲ್ಲಿ ಐಸಿಯು ಸಾಫ್ಟ್‌ವೇರ್ ಬದಲಾಯಿಸಿದೆ. ಹಾಗಾಗಿ ನಾಡಿ ಬಡಿತಕ್ಕೆ ಹಳೆಯದರಲ್ಲಿ 211 ಅನ್ನುವ ಕೋಡ್, ಹೊಸದರಲ್ಲಿ 220045. ಆಮ್ಲಜನಕದ ಪ್ರಮಾಣ ಒಂದು ಕಡೆ 0.4, ಇನ್ನೊಂದು ಕಡೆ 40. ಎರಡೂ ಒಂದೇ ಅಂತ ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಕೋಡ್‌ಗೆ ನಾವೇ ಹೇಳಿಕೊಡಬೇಕು.

ಇದೆಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಖಾಲಿ ಜಾಗಗಳು. ಲ್ಯಾಕ್ಟೇಟ್ ಅನ್ನುವ ರಕ್ತ ಪರೀಕ್ಷೆಯ ಕಾಲಂ ತುಂಬಾ ಜನರಿಗೆ ಖಾಲಿ. ನಮ್ಮ ಕಡೆಯವರು ಖಾಲಿ ಕಂಡ ಕೂಡಲೇ ಸರಾಸರಿ ಹಾಕಿ ತುಂಬುತ್ತಾರೆ. ಆದರೆ ಖಾಲಿ ಇದೆ ಅಂದರೆ ಆ ಡಾಕ್ಟರಿಗೆ ಪರೀಕ್ಷೆ ಬೇಕು ಅನ್ನಿಸಿರಲಿಲ್ಲ ಅಂತ ಅರ್ಥ. ಅನ್ನಿಸಲಿಲ್ಲ ಅನ್ನುವುದೇ ಒಂದು ಮಾಹಿತಿ. 2018ರಲ್ಲಿ ಹಾರ್ವರ್ಡ್‌ನ ತಂಡವೊಂದು ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿತು. ಅವರು ನೋಡಿದ 272 ಬಗೆಯ ಲ್ಯಾಬ್ ಪರೀಕ್ಷೆಗಳಲ್ಲಿ 233ರಲ್ಲಿ, ರಿಸಲ್ಟ್ ಏನೇ ಇರಲಿ, ಪರೀಕ್ಷೆಗೆ ಬರೆದರು ಅನ್ನುವುದಕ್ಕೂ ರೋಗಿ ಉಳಿಯುವುದಕ್ಕೂ ನಂಟಿತ್ತು. ಬೆಳಗಿನ ಜಾವ ಮೂರು ಗಂಟೆಗೆ ರಕ್ತ ತೆಗೆದರು ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅಲ್ವಾ?

ಬೋಸ್ಟನ್ ಡೇಟಾದ ಮೇಲೆ ಮಾಡೆಲ್ ಚೆನ್ನಾಗಿ ನಡೆಯತೊಡಗಿದಾಗ ಗೈಡ್ ಕೇಳಿದ್ದು ಒಂದೇ ಪ್ರಶ್ನೆ. "ಸರಿ, ನಮ್ಮ ಜನರ ಮೇಲೆ ನಡೆಯುತ್ತಾ?"

ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಸೆಪ್ಸಿಸ್ (ಸೋಂಕು ಜೀವಕ್ಕೇ ಕುತ್ತು ತರುವ ಸ್ಥಿತಿ) ಮಾಡೆಲನ್ನು ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದರು. ಮಾಡೆಲ್ ಎಷ್ಟು ಸರಿಯಾಗಿ ಬೇರ್ಪಡಿಸುತ್ತದೆ ಅಂತ ಅಳೆಯುವ ಎಯುಸಿ 0.63 ಬಂತು. 0.5 ಅಂದರೆ ನಾಣ್ಯ ಚಿಮ್ಮಿದ ಹಾಗೆ, 1 ಅಂದರೆ ಒಂದೂ ತಪ್ಪಿಲ್ಲ. ಸೆಪ್ಸಿಸ್ ಆದವರಲ್ಲಿ ಮೂವರಲ್ಲಿ ಇಬ್ಬರನ್ನು ಅದು ಹಿಡಿಯಲೇ ಇಲ್ಲ. ಅಮೆರಿಕದ ಮಾಡೆಲ್ ಅಮೆರಿಕದಲ್ಲೇ ಹೀಗಾದರೆ ಇಲ್ಲಿ ಹೇಗೆ? ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಅಂತ 2020ರಲ್ಲಿ ಅದೇ ಮಿಷಿಗನ್‌ನವರು ಬರೆದಿದ್ದರು. ಅದೂ ನನ್ನ ತಲೆಯಲ್ಲಿ ಕೂತಿತ್ತು.

ಹಾಗಾಗಿ ಇಲ್ಲಿನ ಒಂದು ಆಸ್ಪತ್ರೆ ಹುಡುಕಿದೆವು. ಅಲ್ಲಿನ ಐಸಿಯು ಡಾಕ್ಟರೊಬ್ಬರು ಕೋ-ಗೈಡ್ ಆಗಲು ಒಪ್ಪಿದರು. ನಂತರ, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ.

ಎಥಿಕ್ಸ್ ಕಮಿಟಿ ಅಂದರೆ ಬರೀ ಡಾಕ್ಟರುಗಳಿರುತ್ತಾರೆ ಅಂದುಕೊಂಡು ಹೋಗುವವರೇ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅದರಲ್ಲಿ ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು, ಜೊತೆಗೆ ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಅಧ್ಯಕ್ಷರು ಹೊರಗಿನವರಾಗಿರಬೇಕು. ಎಲ್ಲ ಸದಸ್ಯರಿಗೂ ಫೈಲಿನ ಪ್ರತಿ, ಗೈಡ್ ಮತ್ತು ನನ್ನ ಬಯೋಡೇಟಾ, ಡೇಟಾ ಎಲ್ಲಿ ಇಡುತ್ತೀರಿ, ಯಾರು ತೆಗೆಯುತ್ತಾರೆ, ಯಾವಾಗ ಅಳಿಸುತ್ತೀರಿ ಅನ್ನುವ ವಿವರ. ಹಳೆಯ ಕೇಸ್ ಶೀಟ್‌ಗಳಾದ್ದರಿಂದ ಪ್ರತಿ ರೋಗಿಯ ಒಪ್ಪಿಗೆ ಪಡೆಯುವುದರಿಂದ ವಿನಾಯಿತಿ ಕೊಡಿ ಅಂತ ಕೇಳಿದ್ದೆವು. ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶ ಇದೆ.

ಡಾಕ್ಟರುಗಳು ಸ್ಯಾಂಪಲ್ ಸೈಜ್ ಬಗ್ಗೆ ಕೇಳಿದರು. ವಕೀಲರು ಸರ್ವರ್ ಯಾವ ದೇಶದಲ್ಲಿದೆ ಅಂತ ಕೇಳಿದರು. ಅದುವರೆಗೂ ಸುಮ್ಮನಿದ್ದ ಸಾಮಾನ್ಯ ಸದಸ್ಯರು, ನಿವೃತ್ತ ಮೇಷ್ಟ್ರು, ಫೈಲ್ ಮುಚ್ಚಿಟ್ಟು ಶುರು ಮಾಡಿದರು.

"ಹೆಸರು ತೆಗೀತೀವಿ ಅಂತೀರಲ್ಲ ಮೇಡಂ. ನಮ್ಮೂರಲ್ಲಿ ಹಾವು ಕಚ್ಚಿ ಐಸಿಯುಗೆ ಬಂದವನು ವರ್ಷಕ್ಕೆ ಒಬ್ಬನೇ. ಊರು, ತಿಂಗಳು, ಹಾವು ಅಂತ ಇದ್ದರೆ ಸಾಕು. ಇಡೀ ಹೋಬಳಿಗೆ ಅದು ಯಾರು ಅಂತ ಗೊತ್ತಾಗುತ್ತೆ."

ಇದನ್ನೇ ಲತಾನ್ಯ ಸ್ವೀನಿ ಅನ್ನುವ ಸಂಶೋಧಕಿ ಅಮೆರಿಕದಲ್ಲಿ ಅಂಕಿಗಳಲ್ಲಿ ತೋರಿಸಿದ್ದರು: ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವುದು, ಈ ಮೂರು ಗೊತ್ತಿದ್ದರೆ ಅಲ್ಲಿನ 87% ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಅಂತ. ಮೇಷ್ಟ್ರು ಅದನ್ನು ಓದಿರಲಿಕ್ಕಿಲ್ಲ, ಊರು ಗೊತ್ತಿತ್ತು ಅಷ್ಟೇ. ಊರು, ತಾಲ್ಲೂಕು ಎರಡನ್ನೂ ತೆಗೆದು ಜಿಲ್ಲೆ ಮಾತ್ರ ಉಳಿಸಿದೆವು. ಬೋಸ್ಟನ್‌ನವರ ಹಾಗೇ ತಾರೀಖುಗಳನ್ನು ತಳ್ಳಿದೆವು. ಅಪರೂಪದ ಕಾರಣಗಳನ್ನೆಲ್ಲ "ಇತರೆ" ಗುಂಪಿಗೆ ಸೇರಿಸಿದೆವು. ಹಾವು ಕಡಿತ "ಇತರೆ"ಗೆ ಹೋದದ್ದು ನನಗೆ ಇವತ್ತಿಗೂ ಬೇಜಾರೇ. ನಮ್ಮ ಕಡೆಯ ಐಸಿಯುಗೇ ಸೇರಿದ ಕಾಯಿಲೆ ಅದು, ಬೋಸ್ಟನ್ ಡೇಟಾದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಅನುಮತಿ ಬಂದ ಮೇಲೆ ಎಂಆರ್‌ಡಿ. ಆಸ್ಪತ್ರೆಯ ಹಳೆಯ ಕೇಸ್ ಶೀಟ್‌ಗಳೆಲ್ಲ ಸೇರುವ ಜಾಗ, ಸಾಮಾನ್ಯವಾಗಿ ನೆಲಮಾಳಿಗೆಯಲ್ಲೇ ಇರುತ್ತದೆ. ಲ್ಯಾಬ್ ರಿಪೋರ್ಟ್ ಮತ್ತು ಬಿಲ್ಲಿಂಗ್ ಮಾತ್ರ ಕಂಪ್ಯೂಟರ್‌ನಲ್ಲಿತ್ತು. ಐಸಿಯು ಚಾರ್ಟ್ ಪೂರ್ತಿ ಕಾಗದ. ಬಿಡಿಸಿದರೆ ಟೇಬಲ್ ತುಂಬುವಷ್ಟು ದೊಡ್ಡ ಹಾಳೆ, ಅಡ್ಡಕ್ಕೆ 24 ಗಂಟೆ, ಉದ್ದಕ್ಕೆ ನಾಡಿ, ಬಿಪಿ, ಜ್ವರ, ಉಸಿರು, ವೆಂಟಿಲೇಟರ್ ಸೆಟ್ಟಿಂಗ್, ಕೆಳಗೆ ಒಳಗೆ ಹೋದ ನೀರು ಮತ್ತು ಹೊರಗೆ ಬಂದ ಮೂತ್ರದ ಲೆಕ್ಕ. ಅದನ್ನು ನೋಡಿಕೊಂಡು ರೆಡ್‌ಕ್ಯಾಪ್‌ನಲ್ಲಿ ಎಂಟ್ರಿ ಮಾಡುವುದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2004ರಲ್ಲಿ ಮಾಡಿದ ಸಾಫ್ಟ್‌ವೇರ್ ಅದು, ವಿಶ್ವವಿದ್ಯಾಲಯಗಳಿಗೆ ಉಚಿತ. ಜ್ವರದ ಜಾಗದಲ್ಲಿ ಬಿಪಿ ಹೊಡೆದರೆ ತಕ್ಷಣ ಕೆಂಪಗೆ ಬೈಯುತ್ತದೆ.

ಮೊದಲ ಬಾರಿ ಎಂಟ್ರಿಯನ್ನು ಗ್ರಾಫ್ ಹಾಕಿ ನೋಡಿದಾಗ ಉಸಿರಾಟದ ಕಾಲಂ ವಿಚಿತ್ರವಾಗಿತ್ತು. 16, 20, 24, 28. ಈ ಕಂಬಗಳು ಎತ್ತರಕ್ಕೆ ನಿಂತಿವೆ, 17, 19, 21 ಹೆಚ್ಚುಕಡಿಮೆ ಖಾಲಿ. ವಾರ್ಡಿಗೆ ಹೋಗಿ ಹಿರಿಯ ಸಿಸ್ಟರ್ ಹತ್ತಿರ ಕೇಳಿದೆ.

"ಸಿಸ್ಟರ್, ಉಸಿರು ಹೇಗೆ ಎಣಿಸ್ತೀರಿ?"

ಅವರು ಮಾತಾಡಲಿಲ್ಲ. ಪಕ್ಕದ ಬೆಡ್ಡಿನವರ ಎದೆಯ ಮೇಲೆ ಕಣ್ಣಿಟ್ಟು, ಇನ್ನೊಂದು ಕಣ್ಣಲ್ಲಿ ಗೋಡೆ ಗಡಿಯಾರ ನೋಡುತ್ತಾ ಎಣಿಸಿದರು. ಮುಳ್ಳು 12ರಿಂದ 3ಕ್ಕೆ ಬಂದಾಗ ನಿಲ್ಲಿಸಿದರು. "ಆರು. ಆರ್ ನಾಕ್ಲಿ ಇಪ್ಪತ್ನಾಕು. ಬರ್ಕೋ ಅಮ್ಮ."

ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ 21 ಬರುವುದು ಸಾಧ್ಯವೇ ಇಲ್ಲ. ಒಬ್ಬರೇ ನಾಲ್ಕೈದು ಬೆಡ್ ನೋಡಿಕೊಳ್ಳುವಾಗ ಪೂರ್ತಿ ನಿಮಿಷ ಎಣಿಸುತ್ತಾ ನಿಲ್ಲಿ ಅನ್ನುವುದು ನಮ್ಮ ಕಡೆಯಿಂದ ಅಧಿಕಪ್ರಸಂಗ. ಆದರೆ ಮಾಡೆಲ್‌ಗೆ ಇದು ಗೊತ್ತಿರಬೇಕು. 20ರಿಂದ 24ಕ್ಕೆ ಹೋಯಿತು ಅಂದರೆ ಕಾಲು ನಿಮಿಷದಲ್ಲಿ ಒಂದೇ ಉಸಿರು ಜಾಸ್ತಿ ಕಂಡಿದೆ, ಅಷ್ಟೇ. ಅದನ್ನು ದೊಡ್ಡ ಬದಲಾವಣೆ ಅಂತ ಓದಬಾರದು. ವೆಂಟಿಲೇಟರ್‌ನಲ್ಲಿ ಇದ್ದವರ ಅಂಕಿ ಮಷೀನ್‌ನಿಂದ ಬಂದದ್ದು, ಅದರಲ್ಲಿ ಈ ತೊಂದರೆ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆ ಕಾಲಂ ಮಾಡಿದೆವು.

ಪ್ರಜ್ಞೆ ಅಳೆಯುವ ಜಿಸಿಎಸ್ ಸ್ಕೋರ್ ಇನ್ನೊಂದು ತಲೆನೋವು. ಕಣ್ಣಿಗೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಬಾಯಿಗೆ ಟ್ಯೂಬ್ ಹಾಕಿದವರು ಮಾತಾಡುವುದು ಹೇಗೆ? ಡಾಕ್ಟರುಗಳು "ಇ2 ವಿಟಿ ಎಂ4" ಅಂತ ಬರೆಯುತ್ತಾರೆ, ಇ ಅಂದರೆ ಕಣ್ಣು, ಎಂ ಅಂದರೆ ಕೈಕಾಲು, ವಿಟಿ ಅಂದರೆ ಟ್ಯೂಬ್ ಇದೆ ಅಂತ. ರೆಡ್‌ಕ್ಯಾಪ್ ಫಾರಂ ಅಂಕಿ ಮಾತ್ರ ತೆಗೆದುಕೊಳ್ಳುತ್ತಿತ್ತು, ಎಂಟ್ರಿ ಮಾಡುವ ಹುಡುಗರು ಖಾಲಿ ಬಿಟ್ಟಿದ್ದರು. ಮಿಮಿಕ್ ಬಳಸುವವರಲ್ಲಿ ಚಾಲ್ತಿಯಲ್ಲಿರುವ ಕೋಡ್ ಇಂಥವರಿಗೆ ಒಟ್ಟು 15 ಕೊಡುತ್ತದೆ, ಅಂದರೆ ಪೂರ್ತಿ ಎಚ್ಚರ. ನಿದ್ದೆಯ ಔಷಧಿಯಿಂದ ಮಲಗಿದವರನ್ನು ಮೆದುಳಿಗೆ ಪೆಟ್ಟಾದವರ ಜೊತೆ ಸೇರಿಸಬಾರದು ಅನ್ನುವುದು ಅದರ ಹಿಂದಿನ ತರ್ಕ. ಬೋಸ್ಟನ್‌ಗೆ ಅದು ಸರಿ ಇರಬಹುದು. ನಮ್ಮ ಐಸಿಯು ತುಂಬ ಬೈಕಿನಿಂದ ಬಿದ್ದು ತಲೆಗೆ ಏಟಾದ ಹುಡುಗರು. ಅವರಿಗೆಲ್ಲ 15 ಕೊಟ್ಟರೆ ಮಾಡೆಲ್ ಕಣ್ಣಿಗೆ ಅವರು ಆರಾಮಾಗಿದ್ದಾರೆ! ಕೋ-ಗೈಡ್ ಸಲಹೆಯಂತೆ ಮಾತಿನ ಅಂಕ ಬಿಟ್ಟು ಕೈಕಾಲಿನ ಅಂಕವೊಂದನ್ನೇ ಇಟ್ಟುಕೊಂಡೆವು.

ವಯಸ್ಸಿನ ಕಾಲಂನಲ್ಲಿ 60, 65, 70 ಮಾತ್ರ ಉಬ್ಬಿಕೊಂಡಿದ್ದದ್ದು, ಹುಟ್ಟಿದ ದಿನ ಜನವರಿ 1 ಅಂತ ಸಾಲು ಸಾಲಾಗಿ ಇದ್ದದ್ದು, ಇದನ್ನೆಲ್ಲ ಓದುಗರು ಮನೆಯಲ್ಲೇ ನೋಡಿರುತ್ತೀರಿ. ಬಿಡಿ.

ನಿಜವಾಗಿ ಕೆಲಸವನ್ನು ಬುಡಮೇಲು ಮಾಡಿದ್ದು ಕೊನೆಯ ಕಾಲಂ. ರೋಗಿ ಹೊರಗೆ ಹೇಗೆ ಹೋದರು ಅನ್ನುವುದು. ಮಿಮಿಕ್‌ನಲ್ಲಿ ಇದು ಸಲೀಸು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲೇ ದಾಖಲೆ. ಮನೆಗೆ ಹೋಗಿ ತೀರಿಕೊಂಡರೂ ಸರ್ಕಾರದ ಮರಣ ದಾಖಲೆಯ ಜೊತೆ ಹೊಂದಿಸಿರುತ್ತಾರೆ. ನಮ್ಮಲ್ಲಿ ಮೂರು ಮಾತುಗಳಿದ್ದವು: ಡಿಸ್ಚಾರ್ಜ್, ಎಕ್ಸ್‌ಪೈರ್ಡ್, ಲಾಮಾ. ಈ ಮೂರನೆಯದು ಅಂದರೆ ಡಾಕ್ಟರ ಸಲಹೆ ಮೀರಿ ಮನೆಯವರು ಕರೆದುಕೊಂಡು ಹೋದದ್ದು.

ಅಂಥ ಕೇಸ್ ಶೀಟ್‌ನ ಕೊನೆಯಲ್ಲಿ ಕೈಬರಹದ ಒಂದು ಪುಟ ಇರುತ್ತದೆ. ರೋಗಿಯ ಸ್ಥಿತಿ ಗಂಭೀರವಾಗಿದೆ ಅಂತ ಡಾಕ್ಟರು ತಿಳಿಸಿದ್ದಾರೆ, ಆದರೂ ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ, ಮುಂದೆ ಏನಾದರೂ ಆದರೆ ಆಸ್ಪತ್ರೆಯವರು ಹೊಣೆಯಲ್ಲ. ಕೆಳಗೆ ಮಗನ ಸಹಿ. ಅಥವಾ ನೇರಳೆ ಶಾಯಿಯಲ್ಲಿ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಬೇರೆ ಯಾರದೋ ಅಕ್ಷರದಲ್ಲಿ "ಹೆಂಡತಿ". ಕೆಲವದರಲ್ಲಿ "ಹಣಕಾಸಿನ ತೊಂದರೆಯಿಂದ" ಅಂತ ಬರೆದಿರುತ್ತಾರೆ. ಕೆಲವದರಲ್ಲಿ ಬೇರೆ ಆಸ್ಪತ್ರೆಯ ಹೆಸರು. ಎಷ್ಟೋ ಪುಟಗಳಲ್ಲಿ ಕಾರಣವೇ ಇಲ್ಲ. ಕೊನೆ ಉಸಿರು ಮನೆಯಲ್ಲೇ ಹೋಗಲಿ ಅಂತ ಕರೆದುಕೊಂಡು ಹೋಗುವವರೂ ಇದ್ದಾರೆ ಅಂತ ಸಿಸ್ಟರ್ ಹೇಳಿದರು. ಆಂಬುಲೆನ್ಸ್‌ನಲ್ಲಿ ಒಬ್ಬರು, ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಹೋಗುತ್ತಾರಂತೆ.

ಇವರನ್ನು ಏನಂತ ಲೆಕ್ಕಕ್ಕೆ ಹಿಡಿಯಬೇಕು? ಆಸ್ಪತ್ರೆಯಲ್ಲಿ ಸತ್ತಿಲ್ಲ, ಹಾಗಾಗಿ ಬದುಕಿದ್ದಾರೆ ಅಂತ ಹಿಡಿದರೆ ಅತಿ ಗಂಭೀರವಾಗಿದ್ದವರೇ ಉಳಿದುಕೊಂಡರು ಅಂತ ಮಾಡೆಲ್ ಕಲಿಯುತ್ತದೆ. ಎಲ್ಲರೂ ತೀರಿಕೊಂಡರು ಅಂತ ಹಿಡಿದರೆ ಬೇರೆ ಆಸ್ಪತ್ರೆಗೆ ಹೋಗಿ ಚೇತರಿಸಿಕೊಂಡವರನ್ನೂ ಕೊಂದ ಹಾಗೆ. ಲೆಕ್ಕದಿಂದಲೇ ತೆಗೆದುಬಿಟ್ಟರೆ ಉಳಿಯುವುದು ಕೊನೆಯವರೆಗೂ ಬಿಲ್ ಕಟ್ಟಲು ಆದವರ, ಇಲ್ಲವೇ ಸ್ಕೀಮ್ ಇದ್ದವರ ಕಥೆ ಮಾತ್ರ.

ಮೂರೂ ರೀತಿ ಮಾಡಿ ನೋಡಿದೆವು. ಮೊದಲನೆಯದರಲ್ಲಿ, ನಾನು ಊಹಿಸಿಯೇ ಇರದ ಒಂದು ಅಂಶ ಮೇಲೆ ಬಂತು. ಕ್ಯಾಶ್ ಪೇಷೆಂಟ್ ಆಗಿದ್ದರೆ ಸಾಯುವ ಸಂಭವ ಕಡಿಮೆಯಂತೆ! ಕೈಯಿಂದ ದುಡ್ಡು ಕಟ್ಟುವವರು ದುಡ್ಡು ಮುಗಿದಾಗ ಹೊರಟುಹೋಗುತ್ತಿದ್ದರು, ಆದ್ದರಿಂದ ಅವರ ಸಾವು ನಮ್ಮ ಹಾಳೆಗೆ ಬರುತ್ತಲೇ ಇರಲಿಲ್ಲ. ಇದಕ್ಕೊಂದು ಹೆಸರಾಂತ ಅಣ್ಣ ಇದ್ದಾನೆ. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಮೇಲೆ ಕಲಿಸಿದ ಮಾಡೆಲ್ ಒಂದು, ಆಸ್ತಮಾ ಇದ್ದರೆ ಅಪಾಯ ಕಡಿಮೆ ಅಂದಿತ್ತು. ಆಸ್ತಮಾ ಇದ್ದವರನ್ನು ನೇರ ಐಸಿಯುಗೆ ಹಾಕಿ ಜಾಸ್ತಿ ಗಮನ ಕೊಡುತ್ತಿದ್ದರು, ಅದಕ್ಕೇ ಅವರು ಉಳಿಯುತ್ತಿದ್ದರು. 2015ರಲ್ಲಿ ರಿಚ್ ಕರುವಾನಾ ಮತ್ತು ಜೊತೆಗಾರರು ಇದನ್ನು ಬರೆದ ಮೇಲೆ ಈ ಕ್ಷೇತ್ರಕ್ಕೆ ಬರುವ ಎಲ್ಲರಿಗೂ ಇದು ಮೊದಲ ಪಾಠ. ನಾನೂ ಓದಿದ್ದೆ. ಆದರೆ ಅಲ್ಲಿ ಮಾಡೆಲ್ಲನ್ನು ದಾರಿ ತಪ್ಪಿಸಿದ್ದು ಒಳ್ಳೆಯ ಚಿಕಿತ್ಸೆ, ಇಲ್ಲಿ ಚಿಕಿತ್ಸೆ ನಿಂತದ್ದು. ಎರಡನ್ನೂ ಒಂದೇ ತಟ್ಟೆಯಲ್ಲಿ ಇಡಲು ನನಗೆ ಮನಸ್ಸಾಗುವುದಿಲ್ಲ.

ದಾರಿ ಉಳಿದದ್ದು ಒಂದೇ, ಫೋನ್ ಮಾಡಿ ಕೇಳುವುದು. ಅದಕ್ಕೆ ಮತ್ತೆ ಎಥಿಕ್ಸ್ ಕಮಿಟಿ, ಹೊಸ ಅರ್ಜಿ. ಈ ಸಲ ವಿನಾಯಿತಿ ಇಲ್ಲ. ಹೆಸರು, ನಂಬರ್ ನಮ್ಮ ಕೈಗೆ ಬರಕೂಡದು, ಆಸ್ಪತ್ರೆಯವರೇ ಕರೆ ಮಾಡಬೇಕು. ಮೇಷ್ಟ್ರು ಅಲ್ಲೇ ಇದ್ದರು. "ಫೋನ್ ಮಾಡಿ ಏನಂತ ಕೇಳ್ತೀರಿ? ಬದುಕಿದ್ದಾರಾ ಅಂತಲಾ?" ನಾವು ಕೊಟ್ಟಿದ್ದ ಕನ್ನಡದ ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು, ಇಂಗ್ಲಿಷ್‌ನಿಂದ ಇಳಿಸಿದ್ದು. ಅವರೇ ಪೆನ್ನು ತೆಗೆದು ತಿದ್ದಿದರು. ಮೊದಲು ಯಾರು, ಎಲ್ಲಿಂದ ಅಂತ ಹೇಳಿ. ಬಿಲ್ ವಿಷಯಕ್ಕೆ ಮಾಡಿದ್ದಲ್ಲ ಅಂತ ಹೇಳಿ. ಮಾತಾಡಲು ಇಷ್ಟ ಇದೆಯಾ ಕೇಳಿ. ಆಮೇಲೆ, "ಇಲ್ಲಿಂದ ಹೋದ ಮೇಲೆ ಏನಾಯಿತು?" ಅಂತ ಮಾತ್ರ ಕೇಳಿ, ಮಿಕ್ಕಿದ್ದು ಅವರೇ ಹೇಳುತ್ತಾರೆ.

ಬಿಲ್ ಬಗ್ಗೆ ಅವರು ಹೇಳಿದ್ದು ಎಷ್ಟು ಸರಿ ಅಂತ ಮೊದಲ ದಿನವೇ ಗೊತ್ತಾಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಕರೆ ಮಾಡುತ್ತಿದ್ದರು. ಆಸ್ಪತ್ರೆ ಅಂದ ಕೂಡಲೇ ಕೆಲವರು ಕಟ್ ಮಾಡಿದರು, ಬಾಕಿ ವಸೂಲಿಗೆ ಅಂತ. ಕೆಲವು ನಂಬರ್ ಪಕ್ಕದ ಮನೆಯವರದು. ಒಂದು ನಂಬರ್ ರೋಗಿಯನ್ನು ಕರೆತಂದ ಆಂಬುಲೆನ್ಸ್ ಡ್ರೈವರ್‌ದು. ಮಾತಾಡಿದವರು ಮಾತ್ರ ಬಿಡುವಿಲ್ಲದೆ ಮಾತಾಡಿದರು. ಎಷ್ಟು ಸಾಲ ಆಯಿತು, ಯಾರು ಬಂದರು, ಯಾರು ಬರಲಿಲ್ಲ. ಅದಕ್ಕೆಲ್ಲ ಫಾರಂನಲ್ಲಿ ಜಾಗ ಇರಲಿಲ್ಲ. ಬದುಕಿದ್ದರೆ 1, ಇಲ್ಲದಿದ್ದರೆ 0, ಸಿಗದಿದ್ದರೆ 9.

ಸಿಗದವರು ಕಡಿಮೆ ಇರಲಿಲ್ಲ. ಆದರೂ ಕ್ಯಾಶ್ ಪೇಷೆಂಟ್‌ಗೆ ಅಪಾಯ ಕಡಿಮೆ ಅನ್ನುವ ಲೆಕ್ಕ ಮಾಯವಾಯಿತು. ಬೋಸ್ಟನ್ ಮಾಡೆಲ್ ಇಲ್ಲಿ ಹೇಗೆ ನಡೆಯಿತು ಅನ್ನುವುದಕ್ಕೂ ಈಗ ಒಂದೇ ಉತ್ತರ ಇಲ್ಲ. ಸಾವನ್ನು ಹೇಗೆ ಎಣಿಸಿದೆವು ಅನ್ನುವುದರ ಮೇಲೆ ಅಂಕಿ ಮೇಲೆ ಕೆಳಗೆ ಆಗುತ್ತದೆ. ಮಾಡೆಲ್ ಬದಲಾಯಿಸಿದಾಗಲೂ ಅಷ್ಟು ಆಗಿರಲಿಲ್ಲ. ಪೇಪರ್ ಕಳಿಸಿದಾಗ ಒಬ್ಬ ರಿವ್ಯೂವರ್, ಎಲ್ಲರೂ ಆಸ್ಪತ್ರೆಯೊಳಗಿನ ಸಾವನ್ನೇ ತೆಗೆದುಕೊಳ್ಳುತ್ತಾರೆ, ನೀವೂ ಹಾಗೇ ಯಾಕೆ ಮಾಡಬಾರದು ಅಂತ ಬರೆದಿದ್ದರು. ಮೂರು ಲೆಕ್ಕಗಳನ್ನೂ ಪಕ್ಕಪಕ್ಕ ಇಟ್ಟ ಟೇಬಲ್ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಈಗ ಎರಡನೇ ಆಸ್ಪತ್ರೆಯ ಫೈಲ್ ಹಿಡಿದು ಓಡಾಡುತ್ತಿದ್ದೇನೆ. ಅಲ್ಲಿ ಐಸಿಯು ಚಾರ್ಟ್ ಪೂರ್ತಿ ಕಂಪ್ಯೂಟರ್‌ನಲ್ಲಿದೆ, ಕಷ್ಟವೇ ಇಲ್ಲ ಅಂತ ಅವರ ಐಟಿಯವರು ಖುಷಿಯಿಂದ ಹೇಳಿದರು. ಹೊರಗೆ ಹೋದವರ ಪಟ್ಟಿ ತೋರಿಸಿ ಅಂದೆ. ಪರದೆಯ ಮೇಲೆ ಎರಡೇ ಬಟನ್ ಇದ್ದವು: ಡಿಸ್ಚಾರ್ಜ್ ಮತ್ತು ಎಕ್ಸ್‌ಪೈರ್ಡ್. ಲಾಮಾ ಆದವರು ಎಲ್ಲಿ ಹೋಗುತ್ತಾರೆ ಅಂತ ಕೇಳಿದೆ.

"ಡಿಸ್ಚಾರ್ಜ್‌ನಲ್ಲೇ ಮೇಡಂ, ಇನ್ನೆಲ್ಲಿ?"